ಬಿ ಕೋಶ ದಾರಿ ತಪ್ಪದಿರುವುದು ಹೇಗೆ?

ಹಳೇಬೀಡು, ಬೇಲೂರು, ಅರಸೀಕೆರೆ ಕಡೆ ಕೋಳಿ ಫಾರಂ ಇಟ್ಟವರಿಗೆ ಗಂಬೋರೋ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಹೆಚ್ಚಾಗಿ ಮೂರರಿಂದ ಆರು ವಾರದ ಮರಿಗಳಿಗೆ ಬರುವ ರೋಗ. ನಿನ್ನೆ ಸಂಜೆ ಚುರುಕಾಗಿ ಮೇವು ಕುಕ್ಕುತ್ತಿದ್ದ ಮರಿ ಬೆಳಿಗ್ಗೆ ಗರಿ ಕೆದರಿಕೊಂಡು ಮೂಲೆಯಲ್ಲಿ ಮುದುಡಿ ಕೂತಿರುತ್ತದೆ. ಬಿಳಿಚಾದ ನೀರುಭೇದಿ ಆಗುತ್ತಿರುತ್ತದೆ, ತನ್ನ ಹಿಂಭಾಗವನ್ನು ತಾನೇ ಕುಕ್ಕಿಕೊಳ್ಳುತ್ತಿರುತ್ತದೆ. ಸತ್ತ ಮರಿಯನ್ನು ಪಶುವೈದ್ಯರ ಬಳಿಗೆ ಒಯ್ದರೆ ಅವರು ಹೊಟ್ಟೆ ಸೀಳಿ ತೊಡೆಯ ಮಾಂಸದಲ್ಲಿ ರಕ್ತದ ಗೆರೆಗಳಿವೆಯೇ ನೋಡುತ್ತಾರೆ. ಆಮೇಲೆ ಅವರ ಕತ್ತರಿ ಹೋಗುವುದು ಮಲದ್ವಾರದ ಮೇಲುಗಡೆ ಅಡಗಿರುವ ಒಂದು ಪುಟ್ಟ ಚೀಲದತ್ತ. ಆರೋಗ್ಯವಂತ ಮರಿಯಲ್ಲಿ ಅದು ಬಿಳಿ ಬಣ್ಣದ, ಒಳಗೆಲ್ಲ ಮಡಿಕೆಗಳಿರುವ ದುಂಡನೆಯ ಗಂಟು. ಗಂಬೋರೋ ತಗುಲಿದ ನಾಲ್ಕನೇ ದಿನದ ಹೊತ್ತಿಗೆ ಅದು ಎರಡರಷ್ಟು ಊದಿ, ಮೇಲೆ ಹಳದಿ ಲೋಳೆ ಕಟ್ಟಿಕೊಂಡಿರುತ್ತದೆ. ಎಂಟನೇ ದಿನಕ್ಕೆ ಸುರುಟಿ, ಮೊದಲಿದ್ದ ತೂಕದ ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ.

ರೋಗದಿಂದ ಪಾರಾದ ಮರಿಗಳ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅವಕ್ಕೆ ಕೊಕ್ಕರೆ ರೋಗದ ಲಸಿಕೆ ಹಾಕಿದರೂ ಸರಿಯಾಗಿ ಹತ್ತುವುದಿಲ್ಲ. ಇತರ ಮರಿಗಳು ತಡೆದುಕೊಳ್ಳುವ ಸಣ್ಣಪುಟ್ಟ ಸೋಂಕಿಗೂ ಇವು ಬಲಿಯಾಗುತ್ತವೆ. ಅದಕ್ಕೇ ಫಾರಂನವರು ಮರಿಗೆ ಎರಡು ವಾರ ತುಂಬುವ ಹೊತ್ತಿಗೆ ಕುಡಿಯುವ ನೀರಿಗೆ ಹಾಲಿನ ಪುಡಿ ಕದಡಿ, ನೀರಿನಲ್ಲಿರುವ ಕ್ಲೋರಿನ್ನಿನ ಕಾಟ ಕಳೆದು, ಗಂಬೋರೋ ಲಸಿಕೆ ಬೆರೆಸಿ ಕುಡಿಸುತ್ತಾರೆ. ಆ ಪುಟ್ಟ ಚೀಲ ಉಳಿದರೆ ಮಾತ್ರ ಉಳಿದ ಲಸಿಕೆಗಳಿಗೆ ಅರ್ಥ ಎಂಬುದು ಅವರಿಗೆ ಅನುಭವದಿಂದ ಗೊತ್ತು. ಮನುಷ್ಯನ ರೋಗನಿರೋಧಕ ಶಕ್ತಿಯ ಬಗ್ಗೆ ವಿಜ್ಞಾನ ಕಲಿತ ಅತಿ ದೊಡ್ಡ ಪಾಠಗಳಲ್ಲೊಂದು ಇದೇ ಚೀಲದಿಂದ ಶುರುವಾಯಿತು.

ಚೀಲವನ್ನು ಮೊದಲು ವಿವರಿಸಿದವರು ಇಟಲಿಯ ಪಡುವಾ ವಿಶ್ವವಿದ್ಯಾಲಯದ ಅಂಗರಚನಾ ತಜ್ಞ ಫ್ಯಾಬ್ರಿಷಿಯಸ್. ಅವರು ತೀರಿಕೊಂಡ ಮೇಲೆ, 1621ರಲ್ಲಿ ಅಚ್ಚಾದ ಪುಸ್ತಕದಲ್ಲಿ ಆ ವಿವರಣೆ ಇದೆ. 'ಬರ್ಸಾ' ಎಂಬ ಹೆಸರಿನೊಂದಿಗೆ ಅವರ ಹೆಸರೂ ಅಂಟಿಕೊಂಡಿತು. ಅದರ ಕೆಲಸವೇನು ಎನ್ನುವುದು ಮಾತ್ರ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ತಿಳಿಯಲಿಲ್ಲ. 1950ರ ದಶಕದಲ್ಲಿ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿ ಮರಿಗಳ ಬರ್ಸಾ ತೆಗೆದುಹಾಕಿ, ಬೆಳವಣಿಗೆಯಲ್ಲಿ ಏನಾದರೂ ಏರುಪೇರಾಗುತ್ತದೆಯೇ ಎಂದು ನೋಡುತ್ತಿದ್ದರು. ಏನೂ ಆಗಲಿಲ್ಲ. ಆಗ ಸಹಪಾಠಿ ತಿಮೋತಿ ಚಾಂಗ್‌ಗೆ, ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಚುಚ್ಚಿದಾಗ ಕೋಳಿಯ ರಕ್ತದಲ್ಲಿ ಪ್ರತಿಕಾಯ ಹುಟ್ಟುತ್ತದೆ ಎಂಬುದನ್ನು ತರಗತಿಯಲ್ಲಿ ತೋರಿಸಲು ಕೋಳಿಗಳು ಬೇಕಾದವು. ಗ್ಲಿಕ್ ಬಳಿ ಇದ್ದ ಕೋಳಿಗಳನ್ನೇ ಒಯ್ದರು. ಬರ್ಸಾ ಇಲ್ಲದ ಕೋಳಿಗಳಲ್ಲಿ ಪ್ರತಿಕಾಯವೇ ಬರಲಿಲ್ಲ. ತರಗತಿಯ ಪ್ರಯೋಗ ಕೆಟ್ಟಿತು, ಆದರೆ ಇಬ್ಬರಿಗೂ ಅದರ ಬೆಲೆ ಗೊತ್ತಾಯಿತು. ದೊಡ್ಡ ಪತ್ರಿಕೆ 'ಸೈನ್ಸ್' ಅವರ ಬರಹವನ್ನು ಹಿಂದಿರುಗಿಸಿತು. 1956ರಲ್ಲಿ 'ಪೌಲ್ಟ್ರಿ ಸೈನ್ಸ್' ಪ್ರಕಟಿಸಿತು. ಕೋಳಿ ಸಾಕಣೆಯ ಪತ್ರಿಕೆಯಲ್ಲಿ ಬಂದದ್ದರಿಂದ ಬಹಳ ವೈದ್ಯರ ಕಣ್ಣಿಗೆ ಅದು ಬೀಳಲೇ ಇಲ್ಲ.

ಕಣ್ಣಿಗೆ ಬಿದ್ದವರಲ್ಲಿ ಮಿನ್ನೆಸೋಟಾದ ಮಕ್ಕಳ ವೈದ್ಯ ಮ್ಯಾಕ್ಸ್ ಕೂಪರ್ ಮತ್ತು ಅವರ ಗುರು ರಾಬರ್ಟ್ ಗುಡ್ ಇದ್ದರು. ಆಗಷ್ಟೇ ಮೊಟ್ಟೆಯೊಡೆದ ಮರಿಗಳಲ್ಲಿ ಕೆಲವಕ್ಕೆ ಬರ್ಸಾ, ಕೆಲವಕ್ಕೆ ಕತ್ತಿನಲ್ಲಿರುವ ಥೈಮಸ್ ಗ್ರಂಥಿ ತೆಗೆದು, ಉಳಿದಿರಬಹುದಾದ ಕೋಶಗಳೂ ಸಾಯುವಂತೆ ವಿಕಿರಣ ಹಾಯಿಸಿ, 1965ರಲ್ಲಿ ಅವರು ಲೆಕ್ಕ ತೀರ್ಮಾನ ಮಾಡಿದರು: ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣಗಳ ವಂಶ ಬರ್ಸಾದಲ್ಲಿ ಬೆಳೆಯುತ್ತದೆ, ಸೋಂಕು ತಗುಲಿದ ಕೋಶಗಳ ಮೇಲೆ ನೇರ ದಾಳಿ ಮಾಡುವ ವಂಶ ಥೈಮಸ್‌ನಲ್ಲಿ. ಬರ್ಸಾದಿಂದ ಬಂದದ್ದಕ್ಕೆ ಬಿ, ಥೈಮಸ್‌ನಿಂದ ಬಂದದ್ದಕ್ಕೆ ಟಿ ಎಂದು ಹೆಸರಾಯಿತು. ಇಂದು ಯಾವ ಪ್ರಯೋಗಾಲಯದ ವರದಿ ತೆರೆದರೂ ಅದೇ ಎರಡು ಅಕ್ಷರ.

ಆದರೆ ಮನುಷ್ಯನಿಗೆ ಬರ್ಸಾ ಇಲ್ಲ. ಹಸುವಿಗಿಲ್ಲ, ಇಲಿಗಿಲ್ಲ. ಹಾಗಾದರೆ ನಮ್ಮ ಬಿ ಕೋಶಗಳು ಎಲ್ಲಿ ತಯಾರಾಗುತ್ತವೆ? ಕರುಳಿನಲ್ಲೋ ಅಪೆಂಡಿಕ್ಸ್‌ನಲ್ಲೋ ಗಂಟಲಿನ ಟಾನ್ಸಿಲ್‌ನಲ್ಲೋ ಎಂದು ವಿಜ್ಞಾನಿಗಳು ಸುಮಾರು ಹತ್ತು ವರ್ಷ ಹುಡುಕಿದರು. 1974ರ ಹೊತ್ತಿಗೆ ಉತ್ತರ ಸಿಕ್ಕಿತು. ಭ್ರೂಣದಲ್ಲಿದ್ದಾಗ ಯಕೃತ್ತಿನಲ್ಲಿ, ಹುಟ್ಟಿದ ಮೇಲೆ ಮೂಳೆಯೊಳಗಿನ ಮಜ್ಜೆಯಲ್ಲಿ. ಚಿಕ್ಕ ಮಕ್ಕಳಲ್ಲಿ ಬಹುತೇಕ ಎಲ್ಲ ಮೂಳೆಗಳಲ್ಲೂ ಕೆಂಪು ಮಜ್ಜೆ ಇರುತ್ತದೆ. ದೊಡ್ಡವರಲ್ಲಿ ಅದು ಸೊಂಟದ ಮೂಳೆ, ಎದೆಮೂಳೆ, ಪಕ್ಕೆಲುಬು, ಬೆನ್ನುಮೂಳೆಗಳಿಗೆ ಸೀಮಿತ. ವೈದ್ಯರು ಮಜ್ಜೆಯ ಪರೀಕ್ಷೆಗೆ ಸೊಂಟದ ಹಿಂಭಾಗಕ್ಕೇ ಸೂಜಿ ಚುಚ್ಚುವುದು ಆ ಕಾರಣಕ್ಕೆ.

ಆ ಮಜ್ಜೆಯಲ್ಲಿ ರಕ್ತದ ಕಾಂಡಕೋಶಗಳಿವೆ. ಕೆಂಪು ರಕ್ತಕಣವನ್ನೇ ತೆಗೆದುಕೊಂಡರೂ ವಯಸ್ಕರ ದೇಹ ದಿನಕ್ಕೆ ಸುಮಾರು 20,000 ಕೋಟಿ ಹೊಸ ಕಣಗಳನ್ನು ತಯಾರಿಸುತ್ತದೆ. ಬಿಳಿ ಕಣ, ಪ್ಲೇಟ್‌ಲೆಟ್‌ಗಳ ಲೆಕ್ಕ ಬೇರೆ. ಈ ಎಲ್ಲದರ ಮೂಲವಾದ ಕಾಂಡಕೋಶಗಳ ಸಂಖ್ಯೆ ಮಾತ್ರ ಬಹಳ ಕಡಿಮೆ. ಒಬ್ಬ ವಯಸ್ಕನ ರಕ್ತಕೋಶಗಳ ಜೀನ್‌ಗಳನ್ನು ಓದಿ 2018ರಲ್ಲಿ ಬ್ರಿಟನ್ನಿನ ತಂಡವೊಂದು ಹಾಕಿದ ಅಂದಾಜಿನ ಪ್ರಕಾರ 50 ಸಾವಿರದಿಂದ 2 ಲಕ್ಷ. ಇಂಥ ಕೋಶಗಳಿವೆ ಎಂದು 1961ರಲ್ಲಿ ಮೊದಲ ಸಾಕ್ಷ್ಯ ಒದಗಿಸಿದವರು ಟೊರಾಂಟೊದ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಕ್. ವಿಕಿರಣದಿಂದ ಮಜ್ಜೆ ಸತ್ತ ಇಲಿಗಳಿಗೆ ಬೇರೆ ಇಲಿಯ ಮಜ್ಜೆ ಚುಚ್ಚಿದಾಗ ಅವುಗಳ ಗುಲ್ಮದ ಮೇಲೆ ಗಂಟುಗಳು ಎದ್ದವು. ಒಂದೊಂದು ಗಂಟೂ ಒಂದೊಂದೇ ಕೋಶದ ಸಂತಾನ, ಅದರೊಳಗೆ ನಾನಾ ಬಗೆಯ ರಕ್ತಕೋಶಗಳು.

ಕಾಂಡಕೋಶಗಳ ಹೆಚ್ಚಿನ ಹೊತ್ತು ನಿದ್ದೆಯಲ್ಲೇ ಕಳೆಯುತ್ತದೆ ಎನ್ನುವುದು ಅಚ್ಚರಿಯ ಸಂಗತಿ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಂದಾರ್ ಅವರ ತಂಡ ವರ್ಷಗಟ್ಟಲೆ ದುಡಿದದ್ದು ಈ ನಿದ್ದೆಯ ಮೇಲೆಯೇ. ಹಣ್ಣಿನ ನೊಣದಲ್ಲೂ ಇಲಿಯಲ್ಲೂ ಇರುವ 'ಅಸೃಜ್' ಎಂಬ ಪ್ರೊಟೀನನ್ನು ಅವರು ಗುರುತಿಸಿದರು. ಸಂಸ್ಕೃತದಲ್ಲಿ ರಕ್ತಕ್ಕಿರುವ ಹೆಸರನ್ನೇ ಅದಕ್ಕೆ ಇಟ್ಟರು. 2019ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಈ ಪ್ರೊಟೀನ್ ಇಲ್ಲದ ಇಲಿಗಳ ಕಾಂಡಕೋಶಗಳು ಸುಮ್ಮನಿರಲಾರದೆ ವಿಭಜನೆಗೆ ಇಳಿಯುತ್ತವೆ. ಕೋಶ ವಿಭಜನೆಗೆ ಕಡಿವಾಣ ಹಾಕುವ ಪಿ53 ಎಂಬ ಪ್ರೊಟೀನ್ ಅವುಗಳಲ್ಲಿ ಬೇಗ ನಾಶವಾಗುತ್ತದೆ. ರಕ್ತದ ಕ್ಯಾನ್ಸರ್ ಬಗ್ಗೆ ಯೋಚಿಸುವವರಿಗೆ ಇದು ಸಣ್ಣ ಸಂಗತಿಯಲ್ಲ.

ಎಚ್ಚತ್ತ ಕಾಂಡಕೋಶದ ಮುಂದೆ ಹಲವು ದಾರಿಗಳಿವೆ. ಕೆಂಪು ಕಣವಾಗಬಹುದು, ಪ್ಲೇಟ್‌ಲೆಟ್ ಕೊಡುವ ದೊಡ್ಡ ಕೋಶವಾಗಬಹುದು, ಬ್ಯಾಕ್ಟೀರಿಯಾ ನುಂಗುವ ಮ್ಯಾಕ್ರೋಫೇಜ್ ಆಗಬಹುದು, ಟಿ ಕೋಶ, ಬಿ ಕೋಶ ಏನು ಬೇಕಾದರೂ ಆಗಬಹುದು. 'ನೀನು ಬಿ ಕೋಶವಾಗು' ಎಂಬ ಒಂದೇ ಆಜ್ಞೆ ಎಲ್ಲಿಂದಲೂ ಬರುವುದಿಲ್ಲ. ಉಳಿದ ದಾರಿಗಳು ಒಂದೊಂದಾಗಿ ಮುಚ್ಚುತ್ತ ಹೋಗುತ್ತವೆ. ಇಕಾರೋಸ್ ಎಂಬ ಪ್ರೊಟೀನ್ ಕೋಶದ ಡಿಎನ್‌ಎ ಮೇಲೆ ಕೂತು ಲಿಂಫೋಸೈಟ್ (ಬಿ, ಟಿ ಕೋಶಗಳ ಗುಂಪು) ಆಗಲು ಬೇಕಾದ ಜೀನ್‌ಗಳನ್ನು ಸಜ್ಜುಗೊಳಿಸುತ್ತದೆ. ಪಿಯು.1 ಎಂಬ ಇನ್ನೊಂದರ ಪ್ರಮಾಣವೇ ನಿರ್ಣಾಯಕ. ಅದು ಹೆಚ್ಚಾದರೆ ಕೋಶ ಮ್ಯಾಕ್ರೋಫೇಜ್ ಕಡೆಗೆ ವಾಲುತ್ತದೆ, ಕಡಿಮೆಯಿದ್ದರೆ ಬಿ ಕೋಶದ ಕಡೆಗೆ. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಹರಿಂದರ್ ಸಿಂಗ್ ಮತ್ತು ರಾಡ್ನಿ ಡಿಕೋಟರ್ ಇದನ್ನು 2000ದಲ್ಲಿ ತೋರಿಸಿದರು. ಒಂದೇ ಪ್ರೊಟೀನು, ಪ್ರಮಾಣ ಬೇರೆಯಾದರೆ ಕೋಶದ ಬದುಕೇ ಬೇರೆ.

ಕೋಶ ಎಲ್ಲಿದೆ ಎನ್ನುವುದೂ ಮುಖ್ಯ. ಮಜ್ಜೆಯ ಜಾಲದಂಥ ಕೋಶಗಳು ಸಿಎಕ್ಸ್‌ಸಿಎಲ್12 ಎಂಬ ರಾಸಾಯನಿಕ ಸುರಿಸಿ ಎಳೆಯ ಕೋಶವನ್ನು ತಮ್ಮ ಹತ್ತಿರವೇ ಹಿಡಿದಿಟ್ಟುಕೊಳ್ಳುತ್ತವೆ. ಅದು ಮಜ್ಜೆ ಬಿಟ್ಟು ಥೈಮಸ್‌ಗೆ ಹೋದರೆ ಅಲ್ಲಿ ನಾಚ್ ಎಂಬ ಸಂಕೇತ ಅದನ್ನು ತಟ್ಟುತ್ತದೆ. ನಾಚ್ ತಟ್ಟಿದ ಕೋಶ ಟಿ ಕೋಶವೇ ಆಗುತ್ತದೆ. 1999ರಲ್ಲಿ ಬಂದ ಎರಡು ಪ್ರಯೋಗಗಳು ಇದನ್ನು ಎರಡೂ ಕಡೆಯಿಂದ ಖಚಿತಪಡಿಸಿದವು. ಇಲಿಯ ಮಜ್ಜೆಯಲ್ಲೇ ನಾಚ್ ಹಚ್ಚಿದಾಗ ಅಲ್ಲೇ ಟಿ ಕೋಶಗಳು ಹುಟ್ಟಿದವು. ಥೈಮಸ್‌ಗೆ ಹೋಗುವ ಕೋಶಗಳಲ್ಲಿ ನಾಚ್ ತೆಗೆದಾಗ ಥೈಮಸ್ ತುಂಬ ಬಿ ಕೋಶಗಳೇ ಬೆಳೆದವು. ಇಲಿಯಲ್ಲಿ ಕಂಡದ್ದೆಲ್ಲ ನಮಗೂ ಸಲ್ಲುತ್ತದೆ ಎಂದುಕೊಳ್ಳುವಂತಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಇಲಿಗೆ ಐಎಲ್-7 ಎಂಬ ಸಂಕೇತವಿಲ್ಲದೆ ಬಿ ಕೋಶ ಹುಟ್ಟುವುದು ಬಹುತೇಕ ನಿಲ್ಲುತ್ತದೆ. ಅದೇ ಸಂಕೇತ ಹಿಡಿಯಲಾರದ ದೋಷದೊಂದಿಗೆ ಹುಟ್ಟಿದ ಮಕ್ಕಳಲ್ಲಿ ಟಿ ಕೋಶಗಳಿರುವುದಿಲ್ಲ, ಬಿ ಕೋಶಗಳು ಇದ್ದೇ ಇರುತ್ತವೆ.

ಮಜ್ಜೆಯಲ್ಲೇ ಉಳಿದ ಕೋಶದಲ್ಲಿ ಮುಂದೆ ಮೂರು ಪ್ರೊಟೀನ್‌ಗಳು ಒಂದರ ಬೆನ್ನಿಗೊಂದು ಏಳುತ್ತವೆ. ಇ2ಎ, ಆಮೇಲೆ ಇಬಿಎಫ್1, ಕೊನೆಗೆ ಪ್ಯಾಕ್ಸ್5. ಇಬಿಎಫ್1 ಪ್ಯಾಕ್ಸ್5ನ ಜೀನನ್ನು ಎಬ್ಬಿಸುತ್ತದೆ. ಎದ್ದ ಪ್ಯಾಕ್ಸ್5 ತಿರುಗಿ ಇಬಿಎಫ್1ನ್ನು ಹಿಡಿದು ನಿಲ್ಲಿಸುತ್ತದೆ. ಹೀಗೆ ಒಂದನ್ನೊಂದು ಎತ್ತಿಹಿಡಿದ ಮೇಲೆ ಕೋಶದ ಮೇಲ್ಮೈಯಲ್ಲಿ ಸಿಡಿ19 ಎಂಬ ಪ್ರೊಟೀನ್ ಮೂಡುತ್ತದೆ. ಅದರ ಜೀನನ್ನು ತೆರೆಯುವುದು ಪ್ಯಾಕ್ಸ್5. ರಕ್ತದಲ್ಲಿ ಬಿ ಕೋಶ ಎಷ್ಟಿದೆ ಎಂದು ಆಸ್ಪತ್ರೆಯ ಪ್ರಯೋಗಾಲಯ ಎಣಿಸುವುದು ಈ ಸಿಡಿ19ರ ಗುರುತು ಹಿಡಿದೇ.

ಇಲ್ಲಿ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಕಂಬಗಳನ್ನು ನೆನೆಯಬಹುದು. ಹೊಯ್ಸಳೇಶ್ವರ ದೇವಾಲಯದಿಂದ ಸ್ವಲ್ಪವೇ ದೂರದಲ್ಲಿರುವ ಪಾರ್ಶ್ವನಾಥ ಬಸದಿಯನ್ನು ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪದೇವ ತಂದೆಯ ನೆನಪಿಗೆ 1133ರಲ್ಲಿ ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದ ಕೈಗೆ ಬಂದಾಗ ಯುದ್ಧದಲ್ಲಿ ಗೆಲುವೂ ಆಗಿ ಮಗನೂ ಹುಟ್ಟಿದ್ದರಿಂದ, ದೊರೆ ದೇವರಿಗೆ ವಿಜಯ ಪಾರ್ಶ್ವನಾಥ ಎಂದೂ ಮಗನಿಗೆ ವಿಜಯ ನರಸಿಂಹ ಎಂದೂ ಹೆಸರಿಟ್ಟನೆಂದು ಶಾಸನ ಹೇಳುತ್ತದೆ. ಬಸದಿಯ ನವರಂಗದಲ್ಲಿ ತಿರುಗಣಿಗೆ ಕೊಟ್ಟು ಕಡೆದ ಕಪ್ಪು ಕಂಬಗಳಿವೆ. ಹತ್ತಿರ ನಿಂತರೆ ನಮ್ಮ ಮುಖ ಕಾಣುವಷ್ಟು ನುಣುಪು. ಹೊಯ್ಸಳರ ಶಿಲ್ಪಿಗಳು ನೆಚ್ಚಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಬಂಡೆಯೊಂದು ಮದನಿಕೆಯೂ ಆಗಬಹುದು, ಕಂಬವೂ ಆಗಬಹುದು. ಒಮ್ಮೆ ಕಂಬವೆಂದು ಕಡೆದ ಮೇಲೆ ಮುಗಿಯಿತು. ಎಂಟುನೂರ ತೊಂಬತ್ತು ವರ್ಷ ಯಾರೂ ಅದನ್ನು ಕಂಬವಾಗಿರು ಎಂದು ತಡೆದು ಹಿಡಿಯಬೇಕಿಲ್ಲ. ಬಿ ಕೋಶವೂ ಹೀಗೆಯೇ ಎಂದು ಜೀವವಿಜ್ಞಾನಿಗಳು ಬಹುಕಾಲ ನಂಬಿದ್ದರು. ಒಮ್ಮೆ ದಾರಿ ಹಿಡಿದರೆ ಹಿಂದಿರುಗುವ ಮಾತಿಲ್ಲ ಎಂದು.

ಆ ನಂಬಿಕೆ ಬಿದ್ದದ್ದು 1999ರಲ್ಲಿ. ವಿಯೆನ್ನಾದ ಮೈನ್ರಾಡ್ ಬುಸ್ಲಿಂಗರ್ ಅವರ ಪ್ರಯೋಗಾಲಯ ಪ್ಯಾಕ್ಸ್5 ಜೀನ್ ಇಲ್ಲದ ಇಲಿಗಳನ್ನು ಬೆಳೆಸಿತ್ತು. ಅವುಗಳ ಮಜ್ಜೆಯಲ್ಲಿ ಬಿ ಕೋಶದ ಎಳೆಯ ರೂಪ ಸಿಗುತ್ತಿತ್ತು. ಇ2ಎ ಇತ್ತು, ಇಬಿಎಫ್1 ಇತ್ತು, ನೋಡಿದವರು ಬಿ ಕೋಶದ ಮರಿ ಎಂದೇ ಹೇಳುವಂತಿತ್ತು. ಐಎಲ್-7 ಕೊಟ್ಟರೆ ಪಾತ್ರೆಯಲ್ಲಿ ಎಷ್ಟು ದಿನವಾದರೂ ಬೆಳೆಯುತ್ತಿತ್ತು. ಐಎಲ್-7 ಕಿತ್ತು ಬೇರೆ ಸಂಕೇತ ಕೊಟ್ಟಾಗ ಅದೇ ಕೋಶ ಮ್ಯಾಕ್ರೋಫೇಜ್ ಆಯಿತು, ಇನ್ನೊಂದು ಸಂಕೇತಕ್ಕೆ ಮೂಳೆ ಸವೆಸುವ ಕೋಶವಾಯಿತು, ಮತ್ತೊಂದಕ್ಕೆ ಬೇರೆಯದೇ ಬಿಳಿ ಕಣ. ಬಾಸೆಲ್‌ನಲ್ಲಿ ಆಂಟೋನಿಯಸ್ ರೋಲಿಂಕ್ ಅವರ ತಂಡ ಇಂಥ ಕೋಶಗಳನ್ನು ಟಿ ಕೋಶಗಳಿಲ್ಲದ ಇಲಿಗೆ ಚುಚ್ಚಿದಾಗ ಖಾಲಿಯಿದ್ದ ಥೈಮಸ್ ಟಿ ಕೋಶಗಳಿಂದ ತುಂಬಿತು. ಬಿ ಕೋಶದ ದಾರಿಯಲ್ಲಿ ಅಷ್ಟು ದೂರ ಬಂದಿದ್ದರೂ ಪ್ಯಾಕ್ಸ್5 ಇಲ್ಲದ ಕೋಶಕ್ಕೆ ಉಳಿದ ಯಾವ ದಾರಿಯೂ ಮುಚ್ಚಿರಲಿಲ್ಲ.

ಪ್ಯಾಕ್ಸ್5 ಏನು ಮಾಡುತ್ತದೆ ಎಂದು ಬಿಡಿಸಿ ನೋಡಿದಾಗ ಕಂಡದ್ದು ಎರಡು ಕೆಲಸ. ಬಿ ಕೋಶಕ್ಕೆ ಬೇಕಾದ ಸಿಡಿ19, ಬಿಎಲ್‌ಎನ್‌ಕೆ ಮುಂತಾದ ಜೀನ್‌ಗಳನ್ನು ತೆರೆಯುವುದು ಒಂದು. ಬೇರೆ ದಾರಿಗಳ ಸಂಕೇತ ಕೇಳಿಸದಂತೆ ಮಾಡುವುದು ಇನ್ನೊಂದು. ನಾಚ್ ಸಂಕೇತ ಹಿಡಿಯುವ ಜೀನನ್ನು ಅದು ಅಡಗಿಸುತ್ತದೆ, ಮ್ಯಾಕ್ರೋಫೇಜ್ ಆಗೆಂದು ಹೇಳುವ ಹಾರ್ಮೋನನ್ನು ಹಿಡಿಯುವ ಜೀನನ್ನೂ ಅಡಗಿಸುತ್ತದೆ. ಸುತ್ತ ಎಷ್ಟೇ ಸಂಕೇತಗಳಿದ್ದರೂ ಕೋಶಕ್ಕೆ ಅವು ತಾಕುವುದೇ ಇಲ್ಲ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಉಳಿದಿತ್ತು. ಒಮ್ಮೆ ಬಿ ಕೋಶವಾದ ಮೇಲೂ ಪ್ಯಾಕ್ಸ್5 ಬೇಕೇ? 2002ರಲ್ಲಿ ಬುಸ್ಲಿಂಗರ್ ತಂಡ ಈಗಾಗಲೇ ದಾರಿ ಹಿಡಿದಿದ್ದ ಎಳೆಯ ಬಿ ಕೋಶಗಳಿಂದ ಪ್ಯಾಕ್ಸ್5 ತೆಗೆಯಿತು. ಅವು ಹಿಂದಕ್ಕೆ ಜಾರಿದವು. 2007ರಲ್ಲಿ ಸೀಸರ್ ಕೊಬಾಲೆಡಾ ಮತ್ತು ಬುಸ್ಲಿಂಗರ್ ಇನ್ನೂ ಮುಂದೆ ಹೋದರು. ಪೂರ್ತಿ ಬಲಿತು, ಮಜ್ಜೆ ಬಿಟ್ಟು ರಕ್ತಕ್ಕೆ ಬಂದು ಕೆಲಸಕ್ಕೆ ನಿಂತಿದ್ದ ಬಿ ಕೋಶಗಳಿಂದ ಅದೇ ಪ್ರೊಟೀನನ್ನು ತೆಗೆದರು. ಅವು ತಮ್ಮ ಬಾಲ್ಯದ ರೂಪಕ್ಕೆ ಮರಳಿ, ಮಜ್ಜೆಗೆ ಹಿಂದಿರುಗಿ, ಅಲ್ಲಿಂದ ಹೊಸದಾಗಿ ಹೊರಟು ಟಿ ಕೋಶಗಳಾದವು.

ಇದು ನಿಜವಾಗಿಯೂ ಹಳೆಯ ಬಿ ಕೋಶವೇ ಹೌದೆಂದು ಹೇಗೆ ಹೇಳುವುದು? ಅದಕ್ಕೆ ಅಳಿಸಲಾಗದ ಪುರಾವೆ ಇತ್ತು. ಬಿ ಕೋಶ ಬೆಳೆಯುವಾಗ ಪ್ರತಿಕಾಯದ ಜೀನ್ ಇರುವ ಡಿಎನ್‌ಎಯನ್ನೇ ಕತ್ತರಿಸಿ, ತುಂಡುಗಳಲ್ಲಿ ಕೆಲವನ್ನು ಆರಿಸಿ ಹೊಸದಾಗಿ ಜೋಡಿಸಿಕೊಳ್ಳುತ್ತದೆ. ಮಿಕ್ಕ ತುಂಡುಗಳು ಹೊರಬೀಳುತ್ತವೆ. ಜಪಾನಿನ ಸುಸುಮು ಟೊನೆಗಾವಾ ಇದನ್ನು 1976ರಲ್ಲಿ ಕಂಡುಹಿಡಿದು 1987ರಲ್ಲಿ ನೊಬೆಲ್ ಪಡೆದರು. ಒಬ್ಬೊಬ್ಬರ ದೇಹದಲ್ಲೂ ಕೋಟಿಗಟ್ಟಲೆ ಬಗೆಯ ಪ್ರತಿಕಾಯ ಸಾಧ್ಯವಾಗುವುದು ಈ ಕತ್ತರಿ ಕೆಲಸದಿಂದ. ವಿಯೆನ್ನಾದ ಇಲಿಗಳ ಟಿ ಕೋಶಗಳೊಳಗೆ ಪ್ರತಿಕಾಯದ ಜೀನ್ ಈಗಾಗಲೇ ಕತ್ತರಿಸಿ ಜೋಡಿಸಿದ ಸ್ಥಿತಿಯಲ್ಲಿತ್ತು. ಟಿ ಕೋಶವೊಂದು ತಾನಾಗಿ ಹಾಗೆ ಪೂರ್ತಿ ಮಾಡಿಕೊಳ್ಳುವುದಿಲ್ಲ. ಅದೇ ಇಲಿಗಳಲ್ಲಿ ಕೆಲವಕ್ಕೆ ಉಗ್ರ ಲಿಂಫೋಮಾ ಬಂತು ಎಂಬುದನ್ನೂ ಆ ಸಂಶೋಧನೆ ದಾಖಲಿಸಿದೆ.

ಬಿ ಕೋಶ ಆಗುವುದು ಒಂದು ದಿನದ ತೀರ್ಮಾನವಲ್ಲ, ದಿನವೂ ಎತ್ತಿಹಿಡಿಯಬೇಕಾದ ಸ್ಥಿತಿ ಎಂಬ ಈ ಅರಿವು ಪ್ರಯೋಗಾಲಯದಲ್ಲೇ ಉಳಿಯಲಿಲ್ಲ. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಮಕ್ಕಳ ವಾರ್ಡಿನಲ್ಲಿ ಮಗುವಿನ ತಲೆ ಸವರುತ್ತ ಕೂರುವ ಅಪ್ಪ ಅಮ್ಮಂದಿರಿಗೆ ಇದು ಎಎಲ್‌ಎಲ್ ಎಂಬ ಮೂರಕ್ಷರವಾಗಿ ಪರಿಚಯ. ಇದರಲ್ಲಿ ಬಹುಪಾಲು ಬಿ ಕೋಶದ ದಾರಿಯಲ್ಲಿ ಅರ್ಧಕ್ಕೆ ನಿಂತ ಕೋಶಗಳ ರೋಗ. ಬಲಿಯುವುದೂ ಇಲ್ಲ, ಸಾಯುವುದೂ ಇಲ್ಲ, ಹೆಚ್ಚುತ್ತಲೇ ಹೋಗುತ್ತವೆ. ಅಮೆರಿಕದ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಚಾರ್ಲ್ಸ್ ಮುಲಿಗನ್ ಮತ್ತು ಜೊತೆಗಾರರು 2007ರಲ್ಲಿ ಇಂಥ ಮಕ್ಕಳ ಕ್ಯಾನ್ಸರ್ ಕೋಶಗಳ ಜೀನ್ ಪರೀಕ್ಷಿಸಿದಾಗ ಸುಮಾರು ಮೂರರಲ್ಲೊಂದು ಪಾಲಿನಲ್ಲಿ ಪ್ಯಾಕ್ಸ್5 ಕೆಟ್ಟಿತ್ತು. ಇಕಾರೋಸ್, ಇಬಿಎಫ್1 ಕೆಟ್ಟವೂ ಇದ್ದವು. ಮೆಲ್ಬರ್ನ್‌ನ ರಾಸ್ ಡಿಕಿನ್ಸ್ ತಂಡ 2014ರಲ್ಲಿ ಇಲಿಗಳಲ್ಲಿ ಇದರ ಮರುಮುಖವನ್ನು ತೋರಿಸಿತು. ಪ್ಯಾಕ್ಸ್5 ಕಳೆದುಕೊಂಡು ಲ್ಯುಕೇಮಿಯಾ ಆಗಿದ್ದ ಕೋಶಗಳಿಗೆ ಅದನ್ನು ಮರಳಿ ಕೊಟ್ಟಾಗ ಅವು ನಿಂತಲ್ಲಿಂದ ಮುಂದೆ ಬಲಿಯತೊಡಗಿದವು, ರೋಗ ಹಿಂದೆ ಸರಿಯಿತು. ಮನುಷ್ಯರಿಗೆ ಹಾಗೆ ಕೊಡುವ ಔಷಧ ಇನ್ನೂ ಬಂದಿಲ್ಲ.

ಬಂದಿರುವುದು ಬೇರೊಂದು. ಪ್ಯಾಕ್ಸ್5 ಕೋಶದ ಮೇಲೆ ಮೂಡಿಸುವ ಸಿಡಿ19 ಗುರುತನ್ನೇ ಗುರಿ ಮಾಡುವ ಕಾರ್-ಟಿ ಚಿಕಿತ್ಸೆ. ರೋಗಿಯ ಟಿ ಕೋಶಗಳನ್ನು ರಕ್ತದಿಂದ ಬೇರ್ಪಡಿಸಿ, ಸಿಡಿ19 ಕಂಡರೆ ಹಿಡಿದು ಕೊಲ್ಲುವಂಥ ಜೀನನ್ನು ಅವುಗಳಿಗೆ ಸೇರಿಸಿ, ಪ್ರಯೋಗಾಲಯದಲ್ಲಿ ಹೆಚ್ಚಿಸಿ, ಮರಳಿ ಅದೇ ರೋಗಿಗೆ ಹರಿಸುತ್ತಾರೆ. ಅಮೆರಿಕದಲ್ಲಿ 2012ರಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಪುಟ್ಟ ಹುಡುಗಿ ಇದರಿಂದ ಚೇತರಿಸಿಕೊಂಡ ಸುದ್ದಿ ಜಗತ್ತೆಲ್ಲ ಹಬ್ಬಿತು. 2017ರಲ್ಲಿ ಅಲ್ಲಿ ಅನುಮತಿ ಸಿಕ್ಕಿತು. ಭಾರತದಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯ ದುಡಿಮೆಯಿಂದ ಬಂದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆಯಾಯಿತು. ಕಿರಣ್ ಮಜುಂದಾರ್ ಶಾ, ವೈದ್ಯ ಲೇಖಕ ಸಿದ್ಧಾರ್ಥ ಮುಖರ್ಜಿ ಮುಂತಾದವರು ಸೇರಿ ಬೆಂಗಳೂರಿನಲ್ಲಿ ಕಟ್ಟಿದ ಇಮ್ಯುನೀಲ್ ಸಂಸ್ಥೆ, ಬಾರ್ಸಿಲೋನಾದ ಆಸ್ಪತ್ರೆಯೊಂದರಲ್ಲಿ ರೂಪುಗೊಂಡ ಚಿಕಿತ್ಸೆಯನ್ನು ಇಲ್ಲಿಗೆ ತಂದು, ವಯಸ್ಕರ ಬಿ ಕೋಶ ಲಿಂಫೋಮಾಗೆ 2025ರ ಜನವರಿಯಲ್ಲಿ ಕ್ವಾರ್ಟೆಮಿ ಹೆಸರಿನಲ್ಲಿ ಬಿಡುಗಡೆ ಮಾಡಿತು. ಅಮೆರಿಕದ ಬೆಲೆಗೆ ಹೋಲಿಸಿದರೆ ನಮ್ಮಲ್ಲಿ ಇದು ಅಗ್ಗ. ಆದರೂ ಲಕ್ಷಗಳ ಲೆಕ್ಕದ ಈ ಚಿಕಿತ್ಸೆ ತೆಂಗು, ಜೋಳ, ಆಲೂಗಡ್ಡೆ ನಂಬಿದ ಮನೆಗೆ ಕೈಗೆಟುಕುವ ದಿನ ಬಂದಿಲ್ಲ. ಬರಲೇಬೇಕು.

ಈ ಚಿಕಿತ್ಸೆಯ ಸೋಲುಗಳಲ್ಲೂ ಬಿ ಕೋಶದ ಕಥೆ ಕಾಣುತ್ತದೆ. ಎಂಎಲ್‌ಎಲ್ ಎಂಬ ಜೀನ್ ಮುರಿದು ಬಂದ ಲ್ಯುಕೇಮಿಯಾದ ಏಳು ಮಂದಿಗೆ ಸಿಯಾಟಲ್‌ನಲ್ಲಿ ಕಾರ್-ಟಿ ಕೊಟ್ಟಾಗ, ಇಬ್ಬರಲ್ಲಿ ರೋಗ ಬೇರೆಯದೇ ವೇಷದಲ್ಲಿ ಮರಳಿತು ಎಂದು 2016ರಲ್ಲಿ ವರದಿಯಾಯಿತು. ಬಿ ಕೋಶದ ಲ್ಯುಕೇಮಿಯಾ ಹೋಗಿ, ಅದೇ ಮೂಲದ ಕೋಶಗಳು ಮ್ಯಾಕ್ರೋಫೇಜ್ ಕಡೆಯ ವಂಶದ ಮೈಲಾಯ್ಡ್ ಲ್ಯುಕೇಮಿಯಾ ಆಗಿದ್ದವು. ಸಿಡಿ19 ಇಲ್ಲದ್ದರಿಂದ ಟಿ ಕೋಶಗಳಿಗೆ ಹಿಡಿಯಲು ಏನೂ ಸಿಗಲಿಲ್ಲ. ವಿಯೆನ್ನಾದ ಇಲಿಗಳಲ್ಲಿ ಕಂಡ ದಾರಿ ಬದಲಾವಣೆ ಮನುಷ್ಯರಲ್ಲೂ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಕಹಿಯಾದ ಪುರಾವೆ ಬೇಕಿಲ್ಲ.

ಗೆದ್ದವರ ಪಾಡೂ ನೋಡಬೇಕು. ಸಿಡಿ19 ಇರುವ ಕ್ಯಾನ್ಸರ್ ಕೋಶವನ್ನು ಕೊಲ್ಲುವ ಟಿ ಕೋಶಗಳು ಒಳ್ಳೆಯ ಬಿ ಕೋಶವನ್ನೂ ಬಿಡುವುದಿಲ್ಲ. ಕಾಂಡಕೋಶದ ಮೇಲೆ ಸಿಡಿ19 ಇಲ್ಲವಾದ್ದರಿಂದ ಅದು ಉಳಿಯುತ್ತದೆ, ಹೊಸ ಬಿ ಕೋಶಗಳನ್ನು ಹೊರಡಿಸುತ್ತಲೂ ಇರುತ್ತದೆ. ಅವು ಪ್ಯಾಕ್ಸ್5ನ ಹಂತ ತಲುಪಿ ಸಿಡಿ19 ಹೊತ್ತ ಕೂಡಲೇ ಸಾಯುತ್ತವೆ. ಹಾಗಿದ್ದರೂ ಬಾಲ್ಯದಲ್ಲಿ ಹಾಕಿಸಿಕೊಂಡ ಲಸಿಕೆಗಳ ಪ್ರತಿಕಾಯ ಹಲವರ ರಕ್ತದಲ್ಲಿ ಉಳಿದಿರುತ್ತದೆ. ಕಾರಣ ಸೊಗಸಾಗಿದೆ. ಬಿ ಕೋಶ ತನ್ನ ಕೊನೆಯ ರೂಪವಾದ ಪ್ಲಾಸ್ಮಾ ಕೋಶವಾಗಿ ಪ್ರತಿಕಾಯ ಸುರಿಸಲು ಕೂತಾಗ ಬ್ಲಿಂಪ್1 ಎಂಬ ಪ್ರೊಟೀನ್ ಪ್ಯಾಕ್ಸ್5ನ್ನು ಆರಿಸಿಬಿಡುತ್ತದೆ. ಮಜ್ಜೆಯಲ್ಲಿ ವರ್ಷಗಟ್ಟಲೆ ಬದುಕುವ ಇಂಥ ಹಳೆಯ ಪ್ಲಾಸ್ಮಾ ಕೋಶಗಳಲ್ಲಿ ಬಹಳಷ್ಟರ ಮೇಲೆ ಸಿಡಿ19 ಇರುವುದಿಲ್ಲ. ಹೊಸ ರೋಗ ಎದುರಾದಾಗ ಮಾತ್ರ ಇವರ ಬಳಿ ಹೊಸ ಬಿ ಕೋಶಗಳಿಲ್ಲ. ಆಗ ಬೇಕಾಗುವುದು ದಾನಿಗಳ ರಕ್ತದಿಂದ ಬೇರ್ಪಡಿಸಿದ ಇಮ್ಯುನೊಗ್ಲಾಬ್ಯುಲಿನ್.

ಅದೇ ಔಷಧವನ್ನು ನೆಚ್ಚಿ ಹುಟ್ಟಿನಿಂದಲೇ ಬದುಕಬೇಕಾದ ಮಕ್ಕಳೂ ಇದ್ದಾರೆ. ಅಮೆರಿಕದ ಸೇನಾ ವೈದ್ಯ ಆಗ್ಡೆನ್ ಬ್ರೂಟನ್ ಅವರ ಬಳಿ ಎಂಟು ವರ್ಷದ ಹುಡುಗನೊಬ್ಬ ನ್ಯುಮೊಕಾಕಸ್ ಸೋಂಕಿನಿಂದ ಮೇಲಿಂದ ಮೇಲೆ ಆಸ್ಪತ್ರೆ ಸೇರುತ್ತಿದ್ದ. ರಕ್ತದ ಪ್ರೊಟೀನ್‌ಗಳನ್ನು ಬೇರ್ಪಡಿಸುವ ಯಂತ್ರ ಆಗ ಹೊಸದು. ಅದರಲ್ಲಿ ಹುಡುಗನ ರಕ್ತ ಹಾಕಿದರೆ ಪ್ರತಿಕಾಯಗಳಿರುವ ಗ್ಯಾಮಾ ಭಾಗವೇ ಕಾಣಲಿಲ್ಲ. ಬ್ರೂಟನ್ ತಿಂಗಳಿಗೊಮ್ಮೆ ಚರ್ಮದಡಿ ಗ್ಯಾಮಾ ಗ್ಲಾಬ್ಯುಲಿನ್ ಚುಚ್ಚಿದರು, ಹುಡುಗ ಚೇತರಿಸಿಕೊಂಡ. ಅದನ್ನು ಅವರು 1952ರಲ್ಲಿ ಪ್ರಕಟಿಸಿದರು. ಬರ್ಸಾದ ಗುಟ್ಟು ಬಯಲಾಗುವ ಮೊದಲೇ. ಕಾರಣವಾದ ಬಿಟಿಕೆ ಜೀನ್ ಸಿಕ್ಕಿದ್ದು 1993ರಲ್ಲಿ. ಪ್ಯಾಕ್ಸ್5 ತನ್ನ ಕೆಲಸ ಮಾಡಿ, ಕೋಶ ದಾರಿ ಹಿಡಿದು, ಪ್ರತಿಕಾಯದ ಮೊದಲ ಭಾಗವನ್ನು ಜೋಡಿಸಿಕೊಂಡ ಮೇಲೆ 'ಸರಿ, ಮುಂದೆ ಹೋಗು' ಎಂಬ ಸಂಕೇತ ಬೇಕು. ಆ ಸಂಕೇತ ದಾಟಿಸುವುದು ಬಿಟಿಕೆ. ಅದು ಕೆಟ್ಟರೆ ಕೋಶಗಳು ಮಜ್ಜೆಯಲ್ಲೇ ನಿಂತು ಸಾಯುತ್ತವೆ. ಜೀನ್ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ರೋಗ ಬರುವುದು ಹೆಚ್ಚಾಗಿ ಗಂಡುಮಕ್ಕಳಿಗೆ. ತಾಯಿಗೆ ಏನೂ ಆಗಿರುವುದಿಲ್ಲ.

ಇಂಥ ಮಗು ಹುಟ್ಟಿದಾಗ ಯಾರಿಗೂ ಅನುಮಾನ ಬರುವುದಿಲ್ಲ. ಅಮ್ಮನಿಂದ ಗರ್ಭದಲ್ಲೇ ಬಂದ ಪ್ರತಿಕಾಯ ಮೊದಲ ಕೆಲವು ತಿಂಗಳು ಕಾಯುತ್ತದೆ. ಆರನೇ, ಹತ್ತನೇ, ಹದಿನಾಲ್ಕನೇ ವಾರದ ಲಸಿಕೆಗಳನ್ನು ಆಶಾ ಕಾರ್ಯಕರ್ತೆ ನೆನಪಿಸಿ, ಅಂಗನವಾಡಿಯಲ್ಲಿ ಹಾಕಿಸಿ, ತಾಯಿ ಕಾರ್ಡಿನಲ್ಲಿ ಗುರುತು ಮಾಡಿಸುತ್ತಾರೆ. ಆರು ತಿಂಗಳು ಕಳೆದ ಮೇಲೆ ಕಿವಿ ಸೋರುವುದು, ನ್ಯುಮೋನಿಯಾ, ಮತ್ತೆ ನ್ಯುಮೋನಿಯಾ ಶುರುವಾಗುತ್ತದೆ. ಪ್ರತಿ ಸಲವೂ ಆಂಟಿಬಯಾಟಿಕ್ ಕೊಟ್ಟರೆ ಕಡಿಮೆಯಾಗುತ್ತದೆ, ಆದ್ದರಿಂದ ಮೂಲ ಹುಡುಕುವುದು ತಡವಾಗುತ್ತದೆ. ಬಾಯಿ ತೆರೆಸಿ ನೋಡಿದರೆ ಟಾನ್ಸಿಲ್ ಇಲ್ಲವೆನ್ನುವಷ್ಟು ಚಿಕ್ಕದಿರುತ್ತದೆ. ಟಾನ್ಸಿಲ್ ತುಂಬ ಇರಬೇಕಾದದ್ದು ಬಿ ಕೋಶಗಳೇ. ಟಾರ್ಚ್ ಹಿಡಿದು ಯಾವ ವೈದ್ಯರೂ ಗುರುತಿಸಬಹುದಾದ ಸುಳಿವು ಇದು. ಆಮೇಲೆ ಬೇಕಾಗುವುದು ರಕ್ತದಲ್ಲಿ ಸಿಡಿ19 ಕೋಶಗಳ ಎಣಿಕೆ ಮತ್ತು ಇಮ್ಯುನೊಗ್ಲಾಬ್ಯುಲಿನ್ ಮಟ್ಟದ ಪರೀಕ್ಷೆ. ಇಂಥ ಮಕ್ಕಳಲ್ಲಿ ಲಿಂಫೋಸೈಟ್‌ಗಳ ಪೈಕಿ ಸಿಡಿ19 ಕೋಶಗಳು ಶೇ 2ಕ್ಕಿಂತ ಕಡಿಮೆ. ಬೆಂಗಳೂರಿನ ಆಸ್ಟರ್ ಸಿಎಂಐನಂಥ ಕೆಲವು ಆಸ್ಪತ್ರೆಗಳಲ್ಲಿ ಮಕ್ಕಳ ಇಮ್ಯುನಾಲಜಿಗೆಂದೇ ವಿಭಾಗವಿದೆ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಡಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯ ಜೊತೆಗೂಡಿ ನಮ್ಮ ಭಾಗದ ಉತ್ಕೃಷ್ಟತಾ ಕೇಂದ್ರವಾಗಿದೆ.

ಮೂರು ನಾಲ್ಕು ವಾರಕ್ಕೊಮ್ಮೆ ಇಮ್ಯುನೊಗ್ಲಾಬ್ಯುಲಿನ್ ಹರಿಸಿಕೊಂಡರೆ ಈ ಮಕ್ಕಳು ಶಾಲೆಗೆ ಹೋಗುತ್ತಾರೆ, ಆಡುತ್ತಾರೆ, ದೊಡ್ಡವರಾಗುತ್ತಾರೆ. ಒಂದೊಂದು ಬಾಟಲಿಯಲ್ಲೂ ಸಾವಿರಾರು ದಾನಿಗಳ ಬಿ ಕೋಶಗಳು ತಯಾರಿಸಿದ ಪ್ರತಿಕಾಯ ಇರುತ್ತದೆ. ತಡವಾದಷ್ಟೂ ನಷ್ಟ ಹೆಚ್ಚು. ಪದೇ ಪದೇ ನ್ಯುಮೋನಿಯಾ ಆಗಿ ಶ್ವಾಸನಾಳಗಳು ಒಮ್ಮೆ ಹಿಗ್ಗಿ ಕೆಟ್ಟರೆ ಔಷಧದಿಂದ ಅವನ್ನು ಮೊದಲಿನಂತೆ ಮಾಡಲಾಗುವುದಿಲ್ಲ. ಗಂಡುಮಗುವಿಗೆ ಎರಡನೇ ಸಲ ನ್ಯುಮೋನಿಯಾ ಬಂದಾಗಲೇ ವೈದ್ಯರಿಗೆ ತಿಳಿಸಬೇಕಾದ ಸಂಗತಿಯೊಂದಿದೆ. ಅದು ಅಜ್ಜಿಯ ನೆನಪಿನಲ್ಲಷ್ಟೇ ಉಳಿದಿರಬಹುದು, ಕೇಳಿ ತಿಳಿದುಕೊಳ್ಳಬೇಕು: ಮಗುವಿನ ಸೋದರಮಾವಂದಿರಲ್ಲಿ ಯಾರಾದರೂ ಎಳವೆಯಲ್ಲೇ ಹೀಗೆ ಜ್ವರ, ಕೆಮ್ಮಿನಿಂದ ತೀರಿಕೊಂಡಿದ್ದಾರೆಯೇ ಎಂದು.